ಸಿಹಿ ಬಾವಿಗೆ ಬಿಟ್ಟ ಕಾಗೆ ಮೀನು

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಯಾರಾದರೂ ನನ್ನನ್ನು ನೋಡಲು ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: "ನಿಮ್ಮ ಸಾಹೇಬರು ಪಾನ್ ತಿಂತಾರೇನ್ರಿ?" ಅವರು ನಗುತ್ತಾರೆ. ನಾನು ನಗುವುದಿಲ್ಲ. ತಿನ್ನುವವರಾದರೆ ಅವರು ಹೊರಗೆ ಹೋಗಿ ಉಗುಳಿ ಬರುವ ತನಕ ಕಾಯಿರಿ, ಹುಕುಮನ್ನು ಇನ್ನೊಂದು ಸಲ ಕೇಳಿಸಿಕೊಳ್ಳಿ, ಆಮೇಲೆ ಕೈ ಹಾಕಿ ಎನ್ನುತ್ತೇನೆ. ನನ್ನ ನೌಕರಿಯ ಸಾರವೆಲ್ಲ ಈ ಮಾತಿನಲ್ಲೇ ಇದೆ. ಉಳಿದದ್ದು ಮೀನು.

ಬಡ್ತಿ, ವರ್ಗ, ಪಿಂಚಣಿ ಇವುಗಳ ವಿಷಯ ಬರೆದರೆ ನನಗೇ ನಿದ್ದೆ ಬರುತ್ತದೆ. ಮೀನಿನ ವಿಷಯ ಬರೆಯಲು ಕುಳಿತರೆ ಮಾತ್ರ ಈ ವಯಸ್ಸಿನಲ್ಲೂ ನಿದ್ದೆ ಹಾರಿಹೋಗುತ್ತದೆ. ಆ ಮೀನನ್ನು ಮೊದಲ ಸಲ ಕಂಡ ದಿನ ನನಗೆ ಊಟ ಸೇರಿರಲಿಲ್ಲ.

ಅದು ನಿಜಾಮಶಾಹಿಯ ಕಾಲ. ಬಸವಕಲ್ಯಾಣವನ್ನು ಆಗ ಎಲ್ಲರೂ ಬರೀ ಕಲ್ಯಾಣಿ ಎನ್ನುತ್ತಿದ್ದರು. ಚಳಿಜ್ವರದ ಕಾಟ ವಿಪರೀತ. ಮಳೆಗಾಲ ಮುಗಿಯುತ್ತಿದ್ದಂತೆ ಓಣಿಗೆ ಓಣಿಯೇ ಕೌದಿ ಹೊದ್ದು ನಡುಗುತ್ತ ಮಲಗುತ್ತಿತ್ತು. ಸೊಳ್ಳೆ ಬಾವಿಯಲ್ಲಿ ಮರಿ ಮಾಡುತ್ತದೆ, ಬಾವಿಗೆ ಸಣ್ಣ ಮೀನು ಬಿಟ್ಟರೆ ಅವು ಆ ಮರಿಗಳನ್ನು ತಿಂದು ಹಾಕುತ್ತವೆ ಎಂಬ ವಿದ್ಯೆ ನಮ್ಮ ಆರೋಗ್ಯ ಇಲಾಖೆಗೆ ಹೊಸದಾಗಿ ಬಂದಿತ್ತು. ಊರೂರಿಗೆ ಕೊಡ ಹೊತ್ತು ಮೀನು ಬಿಡುವುದು, ಆಮೇಲೆ ವಾರಕ್ಕೊಮ್ಮೆ ಹೋಗಿ ಬಿಳಿ ಸೌಟಿನಲ್ಲಿ ನೀರು ಎತ್ತಿ ಸೊಳ್ಳೆಮರಿ ಇವೆಯೋ ಎಂದು ನೋಡುವುದು, ಇದೇ ನನ್ನ ಕೆಲಸ.

ನಾನೋ ಲಿಂಗಾಯತರ ಮನೆಯವನು, ಅಲ್ಲಿಯವರೆಗೆ ಮೀನನ್ನು ಕೈಯಿಂದ ಮುಟ್ಟಿದವನಲ್ಲ. ಕೆಲಸ ಸಿಕ್ಕಿತೆಂದು ಮನೆಗೆ ಬಂದು ಹೇಳಿದೆ. ಅವ್ವ ಮೊದಲು ಖುಷಿಪಟ್ಟಳು. ಕೆಲಸ ಏನೆಂದು ತಿಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮೀನ ಹಿಡಿಯೋದಾ? ಯವ್ವಾ, ನಮ್ಮ ಮನಿಯಾಗ ಇದೆಂಥಾ ನೌಕರಿ ಬಂತು!"

"ಹಿಡಿಯೋದಲ್ಲವ್ವಾ, ಬಿಡೋದು. ಜೀವ ತೆಗಿಯೋದಲ್ಲ, ಜೀವ ಬಿಡೋದು."

"ಬಿಡಾಕ ಮೊದಲ ಹಿಡಿಬೇಕಲ್ಲೋ ಹುಚ್ಚಪ್ಪಾ," ಎಂದಳು. ಅಂದಿನಿಂದ ನನಗೆ ಹಿತ್ತಲಲ್ಲಿ ಬೇರೆ ಬಚ್ಚಲಾಯಿತು. ಊರಲ್ಲಿ ಚನ್ನಪ್ಪ ಎಂಬ ಹೆಸರು ಅಳಿಸಿ ಮೀನಪ್ಪ ಎಂಬುದು ಉಳಿಯಿತು.

ಮೊದಮೊದಲು ಮೀನು ಸಾಗಿಸುವುದೇ ನಮಗೆ ಬರುತ್ತಿರಲಿಲ್ಲ. ಹುಮನಾಬಾದಿನ ಬಾವಿಗಳಲ್ಲಿ ಸಿಗುವ ಸಣ್ಣ ಮೀನನ್ನು ಹಿತ್ತಾಳೆ ಕೊಡದಲ್ಲಿ ತುಂಬಿ, ಚೆಲ್ಲಬಾರದೆಂದು ಮುಚ್ಚಳ ಬಿಗಿದು, ಮೋಟಾರ್ ಬಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಹುಲಸೂರಲ್ಲಿ ಮುಚ್ಚಳ ತೆಗೆದರೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನನ್ನ ಸುತ್ತ ನೆರೆದಿದ್ದ ಜನ ಸತ್ತ ಮೀನು ಸೊಳ್ಳೆಮರಿ ಹೇಗೆ ತಿನ್ನುತ್ತದೆಂದು ಬಹಳ ಮರ್ಯಾದೆಯಿಂದಲೇ ಕೇಳಿದರು. ಆಮೇಲೆ ಅಗಲ ಬಾಯಿಯ ಮಣ್ಣಿನ ಗಡಿಗೆ ಹಿಡಿದೆ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿದೆ, ದಾರಿಯುದ್ದಕ್ಕೂ ಕೈಯಿಂದ ನೀರು ಎತ್ತೆತ್ತಿ ಹೊಯ್ಯುತ್ತ ಕೂತೆ. ಪಕ್ಕದವರ ಧೋತರ ತೊಯ್ದು ಜಗಳವಾಗುತ್ತಿತ್ತು, ಆದರೆ ಮೀನು ಬದುಕುತ್ತಿದ್ದವು. ಈಗಿನವರಿಗೆ ಗಾಳಿ ತುಂಬಿದ ಚೀಲ ಬಂದಿದೆಯಂತೆ. ಒಳ್ಳೆಯದು.

ಇನ್ನು ಸಿಹಿ ಬಾವಿಯ ಕಥೆಗೆ ಬರುತ್ತೇನೆ. ಕಲ್ಯಾಣಿಯ ಕೋಟೆಯ ಕೆಳಗಿನ ಓಣಿಯಲ್ಲಿ ಮೆಟ್ಟಿಲಿಳಿದು ಹೋಗುವ ಒಂದು ಹಳೆಯ ಕಲ್ಲುಬಾವಿ. ಅಕ್ಕಪಕ್ಕದ ಬಾವಿಗಳೆಲ್ಲ ಸವಳು, ಇದೊಂದು ಮಾತ್ರ ಬಾಯಿಗಿಟ್ಟರೆ ಎಳನೀರು. ಮುಸಲ್ಮಾನರು ಅದನ್ನು ಮೀಠೀ ಬಾವ್ಡಿ ಎನ್ನುತ್ತಿದ್ದರು, ನಾವು ಸಿಹಿ ಬಾವಿ. ಅಲ್ಲಿಂದ ಓಣಿಗೆಲ್ಲ ನೀರು ಹೊರುತ್ತಿದ್ದವನು ಭಿಸ್ತಿ ಇಮಾಮಸಾಬ. ನೀರಿನ ಚರ್ಮದ ಚೀಲವಾದ ಮಶಕನ್ನು ಬೆನ್ನಿಗೆ ಹಾಕಿ, ಸೊಂಟ ಬಗ್ಗಿಸಿ, ಮನೆ ಮನೆಗೆ ನೀರು ಕೊಡುವುದು ಅವನ ಅಜ್ಜನ ಅಜ್ಜನಿಂದ ಬಂದ ಕಸುಬು.

ಆ ವರ್ಷ ಅದೇ ಓಣಿಯಲ್ಲಿ ಜ್ವರ ಜಾಸ್ತಿಯಾಯಿತು. ಹೈದರಾಬಾದಿನಿಂದ ಬಂದ ದೊಡ್ಡ ಸಾಹೇಬರು ಬಾವಿಯಲ್ಲಿ ಸೌಟು ಅದ್ದಿದರು. ಸೌಟಿನ ತುಂಬ ಸೊಳ್ಳೆಮರಿ. ಬಾವಿಗೆ ಕಲ್ಲುಮಣ್ಣು ತುಂಬಿ ಮುಚ್ಚಿಬಿಡಿ ಎಂದರು. ನನ್ನ ಮೇಲಧಿಕಾರಿ, ನಮ್ಮ ಇಲಾಖೆಯ ದರೋಗಾ ಸಾಹೇಬರು ಅಡ್ಡ ಬಂದು, ಒಂದು ಸಲ ಮೀನು ಬಿಟ್ಟು ನೋಡೋಣ ಹುಜೂರ್ ಎಂದು ಬೇಡಿಕೊಂಡರು. ಸರಿ, ಮುಂದಿನ ತಪಾಸಣೆಯ ದೌರೆಯಲ್ಲಿ ಬಂದಾಗ ಒಂದು ಹುಳ ಕಂಡರೂ ಬಾವಿ ಇರುವುದಿಲ್ಲ ಎಂದು ಹೇಳಿ ದೊಡ್ಡ ಸಾಹೇಬರು ಹೊರಟುಹೋದರು.

ಇಮಾಮಸಾಬ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ. "ಚನ್ನಪ್ಪಾ," ಎಂದ, "ಬಾವ್ಡಿ ಮುಚ್ಚಿದ್ರ ನಾ ಈ ಬೆನ್ನ ತಗೊಂಡು ಏನ್ ಮಾಡ್ಲಿ?" ಊರಿನಲ್ಲಿ ನನ್ನನ್ನು ಚನ್ನಪ್ಪಾ ಎಂದು ಕರೆಯುವವನು ಅವನೊಬ್ಬನೇ ಉಳಿದಿದ್ದ. ಆ ಕಾರಣಕ್ಕಾದರೂ ಬಾವಿ ಉಳಿಸಬೇಕು ಅನ್ನಿಸಿತು.

ಈಗ ದರೋಗಾ ಸಾಹೇಬರ ಪಾನ್. ಅವರು ಉತ್ತರ ಹಿಂದುಸ್ತಾನದ ಕಡೆಯವರು, ಕಚೇರಿ ಹುಮನಾಬಾದಿನಲ್ಲಿ. ಒಳ್ಳೆಯ ಮನುಷ್ಯ, ಸಿಟ್ಟು ಮೂಗಿನ ತುದಿಯಲ್ಲಿ, ಪಾನ್ ಸದಾ ದವಡೆಯಲ್ಲಿ. ನಾನು ಅವರ ಕೈಕೆಳಗೆ ಹೊಸಬ. ಹುಕುಂ ಕೇಳಲು ಹುಮನಾಬಾದಿಗೆ ಹೋಗಿದ್ದೆ. ಅವರು ಮೋಟಾರ್ ನಿಲ್ಲುವ ಕಡೆ ಸಿಕ್ಕರು. ಎಂಜಿನ್ನು ಗುಡುಗುಡು ಎನ್ನುತ್ತಿದೆ, ಡ್ರೈವರ್ ಬಾಯಿ ಮಾಡುತ್ತಿದ್ದಾನೆ, ಸಾಹೇಬರು ಕತ್ತು ಮೇಲೆತ್ತಿ, ತುಟಿಯಿಂದ ಕೆಂಪು ಸೋರದಂತೆ ಜೋಪಾನ ಮಾಡುತ್ತ ಹೇಳಿದರು: "ಕುವೇ ಕೀ ಮಛಲಿ ಡಾಲೋ. ಸಮಝೇ?"

ಕುವಾ ಎಂದರೆ ಅವರ ಕಡೆಯ ಮಾತಿನಲ್ಲಿ ಬಾವಿ. ಕುವೇ ಕೀ ಮಛಲಿ, ಅಂದರೆ ಬಾವಿ ಮೀನು, ಅದನ್ನು ಬಿಡು ಎಂದು ಹುಕುಂ. ಹುಮನಾಬಾದಿನ ಬಾವಿಗಳಲ್ಲಿದ್ದ, ತಲೆಯ ಮೇಲೆ ಬೆಳ್ಳನೆ ಚುಕ್ಕೆ ಹೊಳೆಯುವ ಆ ಸಣ್ಣ ಮೀನು, ನಾವು ಚುಕ್ಕಿ ಮೀನು ಎನ್ನುವುದು. ಆದರೆ ನಮ್ಮ ಕಲ್ಯಾಣಿಯ ದಖನಿ ಉರ್ದುವಿನಲ್ಲಿ ಬಾವಿಗೆ ಬಾವ್ಡಿ ಎನ್ನುತ್ತಾರೆಯೇ ಹೊರತು ಕುವಾ ಎಂದು ಯಾರೂ ಅನ್ನುವುದಿಲ್ಲ. ಆ ಶಬ್ದವೇ ನನ್ನ ಕಿವಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕವ್ವಾ. ಕವ್ವಾ ಅಂದರೆ ಕಾಗೆ. ಪಾನಿನ ರಸದಲ್ಲಿ ಅದ್ದಿ ಬಂದ ಮಾತು ನನಗೆ "ಕವ್ವೇ ಕೀ ಮಛಲಿ" ಎಂದೇ ಕೇಳಿಸಿತು. ಕಾಗೆ ಮೀನು! ಈ ಬಾವಿಗೆ ಬೇರೆ ಜಾತಿಯ ಮೀನೇ ಬೇಕೇನೋ ಎಂದುಕೊಂಡು, ಸಮಝ್ ಗಯಾ, ತಿಳಿಯಿತು ಎಂದು ಸಲಾಮು ಹೊಡೆದು ಮೋಟಾರ್ ಹತ್ತಿದೆ.

ಕಾಗೆ ಮೀನೆಂದರೆ ಯಾವುದು? ನೆಟ್ಟಗೆ ಊರ ಕೆರೆಗೆ ಹೋದೆ. ಅಲ್ಲಿ ಬಲೆ ಹಾಕುತ್ತಿದ್ದ ಗಂಗವ್ವನನ್ನು ಕೇಳಿದರೆ ನಕ್ಕಳು. "ಮುಸಲ್ಮಾನರು ಹಂಗಂತಾರ ತಮ್ಮಾ. ಅದಕ್ಕ ಕೊಕ್ಕ ಅದ ನೋಡ್ರಿ, ಅದಕ್ಕ ಕಾಗಿ. ನಾವು ದಬ್ಬಣ ಅಂತೀವಿ. ಬಾವ್ಯಾಗ ಅದನ್ಯಾಕ ಬಿಡಾಕತ್ತೀರಿ?"

"ಸರ್ಕಾರಿ ಹುಕುಂ."

"ಹಂಗಾದ್ರ ಬಿಡ್ರಿ. ಅದು ಏನೂ ತಿನ್ನೋದಿಲ್ಲ, ಗಾಳಿ ಕುಡದು ಬದಕ್ತದ. ಯಾವಾಗ ನೋಡ್ರಿ, ನೀರಿನ ಮ್ಯಾಲ ಸುಮ್ಮನ ಬಿದ್ದಿರ್ತದ."

ಅವಳು ಹಿಡಿದುಕೊಟ್ಟ ಮೀನನ್ನು ಗಡಿಗೆಯಲ್ಲಿ ನೋಡಿದಾಗ ನಾನು ದಂಗಾದೆ. ಇಂಥದ್ದೊಂದು ಜೀವ ನಮ್ಮೂರ ಕೆರೆಯಲ್ಲಿದೆಯೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ! ಒಂದು ಗೇಣಿಗಿಂತ ಉದ್ದ, ನನ್ನ ಬೆರಳಿಗಿಂತ ತೆಳು. ಬೆನ್ನು ಪಾಚಿಯ ಹಸಿರು, ಹೊಟ್ಟೆ ಬಿಳುಪು, ನಡುವೆ ಕಿವಿರಿನಿಂದ ಬಾಲದವರೆಗೆ ಬೆಳ್ಳಿಯ ಜರಿ ಎಳೆದ ಹಾಗೆ ಒಂದು ಪಟ್ಟಿ. ದೊಡ್ಡದರ ಪಕ್ಕೆಯಲ್ಲಿ ಮಾಸಲು ಕಪ್ಪು ಮಚ್ಚೆಗಳು. ಮುಖವೆಂಬುದೇ ಇಲ್ಲ, ಎರಡೂ ದವಡೆ ಚಾಚಿಕೊಂಡು ಕೊಕ್ಕಾಗಿವೆ, ಕೊಕ್ಕಿನ ಉದ್ದಕ್ಕೂ ಸೂಜಿಮೊನೆಯ ಹಲ್ಲು. ಬೆನ್ನಿನ ರೆಕ್ಕೆ ಬೆನ್ನಿನ ಮೇಲಿಲ್ಲ, ಹಿಂದೆ ಹಿಂದೆ ಸರಿದು ಬಾಲದ ಹತ್ತಿರ ಹೋಗಿ ಕೂತಿದೆ, ಅದಕ್ಕೆ ಸರಿಯಾಗಿ ಕೆಳಗೂ ಅಂಥದೇ ಒಂದು. ಕಣ್ಣು ದೊಡ್ಡದು, ದುಂಡಗೆ, ನನ್ನನ್ನೇ ನೋಡುತ್ತಿತ್ತು.

ಗಡಿಗೆಯಲ್ಲಿ ಅವು ಗಾಬರಿಬಿದ್ದು ಸರ್ರನೆ ನುಗ್ಗಿ ಕೊಕ್ಕನ್ನು ಗೋಡೆಗೆ ಬಡಿದುಕೊಳ್ಳತೊಡಗಿದವು. ಒಂದರ ಕೊಕ್ಕು ನನ್ನ ಕಣ್ಣೆದುರೇ ಮುರಿಯಿತು. ನನಗೆ ಅಳುವೇ ಬಂತು. ಕೆರೆಯ ದಂಡೆಯಿಂದ ನೀರುಬಳ್ಳಿ, ಪಾಚಿ ಕಿತ್ತು ಗಡಿಗೆಯ ಸುತ್ತ ಒತ್ತಾಗಿ ತುಂಬಿದೆ. ಮೆತ್ತನೆಯ ಗಾದಿ ಸಿಕ್ಕಿತು, ಮೀನು ತಣ್ಣಗಾದವು. ಸಿಹಿ ಬಾವಿಗೆ ಮೀನು ಸುರಿಯುವಾಗ ಬಳ್ಳಿಯನ್ನೂ ಸುರಿದೆ. ಆ ಬಳ್ಳಿ ತೇಲಿಕೊಂಡು ಹೋಗಿ, ಯಾರೂ ನೀರು ಸೇದದ ಮೂಲೆಯಲ್ಲಿ ನಿಂತಿತು. ಆಗ ನಾನು ಅದರ ಕಡೆ ಎರಡನೇ ಸಲ ನೋಡಲಿಲ್ಲ.

ಆ ದಿನಗಳ ಸುಖವನ್ನು ಹೇಗೆ ಹೇಳಲಿ? ಕೆಲಸ ಮುಗಿಸಿ ಬಂದು ಬಾವಿಯ ಮೆಟ್ಟಿಲ ಮೇಲೆ ಬೋರಲು ಮಲಗಿಬಿಡುತ್ತಿದ್ದೆ. ಇಮಾಮಸಾಬನೂ ಮಶಕು ಪಕ್ಕಕ್ಕಿಟ್ಟು ಮಲಗುತ್ತಿದ್ದ. ಬಾವಿಗೆ ಬಿಸಿಲು ಬೀಳುವುದು ನಡುಹಗಲಿನಲ್ಲಿ, ಒಂದೇ ಕಡೆ. ದಬ್ಬಣ ಮೀನುಗಳೆಲ್ಲ ಆ ಬಿಸಿಲಿನ ತುಂಡಿನಲ್ಲಿ ನೀರಿನ ಮೇಲ್ಪದರಕ್ಕೆ ಅಂಟಿ, ಒಂದೇ ದಿಕ್ಕಿಗೆ ಮುಖ ಮಾಡಿ, ಬಿದ್ದ ಕಡ್ಡಿಗಳ ಹಾಗೆ ನಿಲ್ಲುತ್ತಿದ್ದವು. ಆಗಲೇ ಗಂಗವ್ವನ ಮಾತು ಸುಳ್ಳೆಂದು ಗೊತ್ತಾಯಿತು. ಬಾವಿಯಲ್ಲಿ ಮೊದಲಿನಿಂದಲೂ ಬೆರಳೆಣಿಕೆಯಷ್ಟು ಚುಕ್ಕಿ ಮೀನು ಇದ್ದವು. ಒಂದು ಚುಕ್ಕಿ ಮೀನು ಪಕ್ಕದಲ್ಲಿ ಹಾದುಹೋಯಿತು. ಕಡ್ಡಿಗೆ ಜೀವ ಬಂತು! ತಲೆ ಅಡ್ಡ ಬೀಸಿ, ಕೊಕ್ಕಿನ ನಡುವೆ ಅದನ್ನು ಅಡ್ಡಡ್ಡ ಕಚ್ಚಿತು. ಆಮೇಲೆ ಸಾವಕಾಶವಾಗಿ ತಿರುಗಿಸಿ, ತಲೆ ಮುಂದು ಮಾಡಿ, ನುಂಗಿತು.

"ಶಾಬಾಸ್!" ಎಂದು ಇಮಾಮಸಾಬ ಕೂಗಿದ. ನಾನೂ ಕೂಗಿದೆ. ಸೊಳ್ಳೆಮರಿ ತಿನ್ನುವವರನ್ನೇ ಅದು ತಿನ್ನುತ್ತಿದೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಕಾಗೆ ಮೀನು ಬಿಡಬೇಕೆಂದು ಸರ್ಕಾರ ಹೇಳಿದ ಮೇಲೆ ಸರ್ಕಾರಕ್ಕೆ ಏನೋ ಗೊತ್ತಿರಬೇಕು ಎಂದುಕೊಂಡಿದ್ದೆವು.

ಮೊದಲ ರಗಳೆ ಒಂದು ಮುದುಕಿಯಿಂದ ಬಂತು. ಇಮಾಮಸಾಬನ ಮಶಕಿನೊಳಗೆ ಒಂದು ದಬ್ಬಣ ಹೊಕ್ಕು, ಓಣಿಯ ಹಿರಿಯಳಾದ ಬಡೀ ಬೀಯ ಮನೆಯ ಗಡಿಗೆ ಸೇರಿತ್ತು. ಆಕೆ ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಬಗ್ಗಿದಾಗ ಅದು ಗಡಿಗೆಯಿಂದ ಚಂಗನೆ ಹಾರಿ ಆಕೆಯ ಮಡಿಲಿಗೆ ಬಿತ್ತು. ಗಾಬರಿಯಾದರೆ ಹಾರುವುದು ಈ ಮೀನಿನ ಹುಟ್ಟುಗುಣ. "ಸಾಂಪ್! ಸಾಂಪ್!" ಎಂಬ ಚೀರಾಟಕ್ಕೆ ಓಣಿಯೆಲ್ಲ ಕೂಡಿತು. ಬಡೀ ಬೀ ನನ್ನನ್ನು ಕರೆಸಿದಳು.

"ಮೀನಪ್ಪಾ, ಮೂತಿ ನೋಡಿದ್ರ ಕಾಗಿ, ಮೈ ನೋಡಿದ್ರ ಹಾವು. ನಮಗ ಕುಡ್ಯಾಕ ನೀರ ಕೊಡಾಕತ್ತಿಯೋ, ತಮಾಷಾ ತೋರ್ಸಾಕತ್ತಿಯೋ?"

"ಹಾವಲ್ರಿ ಬೀ, ಪಾಪದ ಮೀನು."

"ಪಾಪ ಅದಕ್ಕಲ್ಲ, ನನಗ!"

ಈ ಸುದ್ದಿ ಹುಮನಾಬಾದಿಗೆ ಹೋಗಿ, ದರೋಗಾ ಸಾಹೇಬರು ಸಿಕ್ಕ ಮೋಟಾರ್ ಹತ್ತಿ ಬಂದರು. ಮೆಟ್ಟಿಲಿಳಿದು ಬಿಸಿಲಿನ ತುಂಡನ್ನು ನೋಡಿದವರೇ ಕಲ್ಲಾದರು. ಬಾಯಿಯೊಳಗಿನ ಪಾನ್ ಪೂರ್ತಿ ಉಗುಳಿದರು. ಅದನ್ನು ನಾನು ಕಂಡದ್ದು ಅದೇ ಮೊದಲು.

"ಯೇ ಕ್ಯಾ ಹೈ?"

"ಕವ್ವೇ ಕೀ ಮಛಲಿ, ಸಾಬ್. ತಮ್ಮ ಹುಕುಂ."

"ಕುವೇ! ಕುವೇ ಕೀ ಬೋಲಾ ಥಾ ಮೈಂ! ಕವ್ವೇ ಕೀ ನಹೀಂ!" ಎಂದು ಅವರು ಕೂಗಿದ್ದು ಬಾವಿಯ ಗೋಡೆಗೆಲ್ಲ ಬಡಿದು, ಕುವೇ ಕವ್ವೇ ಕುವೇ ಕವ್ವೇ ಎಂದು ನಮ್ಮ ತಲೆಯ ಮೇಲೆ ಸುತ್ತಿತು. ಬಾವಿಗೂ ಎರಡರ ಫರಕು ಗೊತ್ತಾಗಲಿಲ್ಲ.

ಅವರು ಸೌಟು ಅದ್ದಿದರು. ನೀರು ಸೇದುವ ಕಡೆ ಸೊಳ್ಳೆಮರಿ ಅಷ್ಟಿರಲಿಲ್ಲ, ಅಲ್ಲಿ ನೀರು ಸದಾ ಕದಡುತ್ತದೆ. ಆ ಬಳ್ಳಿ ನಿಂತ ಮೂಲೆಯಲ್ಲಿ ಮಾತ್ರ ಸೊಳ್ಳೆಮರಿ ಮಿಜಿಮಿಜಿ. ಚುಕ್ಕಿ ಮೀನು ಒಂದೂ ಉಳಿದಿರಲಿಲ್ಲ. ದೊಡ್ಡ ಸಾಹೇಬರ ದೌರೆ ಹತ್ತಿರ ಬಂದಿತ್ತು. ಇಮಾಮಸಾಬನಿಗೆ ನಮ್ಮ ಮುಖ ನೋಡಿಯೇ ತಿಳಿಯಿತು. ಅವನು ಮಶಕಿನ ಬಾಯಿಯ ದಾರವನ್ನು ಬಿಚ್ಚುತ್ತ, ಕಟ್ಟುತ್ತ ನಿಂತುಬಿಟ್ಟ.

ಮೊದಲು ದಬ್ಬಣಗಳನ್ನು ಹೊರಗೆ ತೆಗೆಯಬೇಕಿತ್ತು. ಗಂಗವ್ವ ಬಲೆ ತಂದಳು. ಬಲೆ ಹತ್ತಿರ ಬಂದರೆ ಅವು ಅದರ ಮೇಲಿಂದ ಜಿಗಿದು ಆಚೆ ಬೀಳುತ್ತಿದ್ದವು, ಬಲೆ ಕಲ್ಲಿಗೆ ಸಿಕ್ಕಿ ಹರಿಯುತ್ತಿತ್ತು. ಕೊನೆಗೆ ಬಿಸಿಲನ್ನೇ ನೆಚ್ಚಿದೆವು. ಬೆಳಿಗ್ಗೆಯೇ ಬಡೀ ಬೀಯ ಮನೆಯ ದೊಡ್ಡ ಚಾದರವನ್ನು ಬಿಸಿಲು ಬೀಳುವ ಜಾಗದ ಕೆಳಗೆ, ನೀರಿನೊಳಗೆ ಹಾಸಿ, ನಾಲ್ಕು ಮೂಲೆಗೆ ನಾಲ್ವರು ನೀರಲ್ಲಿ ಮುಳುಗಿದ ಮೆಟ್ಟಿಲ ಮೇಲೆ ಅಲ್ಲಾಡದೆ ನಿಂತೆವು. ನಾನು, ಇಮಾಮಸಾಬ, ಗಂಗವ್ವ, ಪೈಜಾಮ ಮೊಣಕಾಲಿಗೆ ಸುತ್ತಿದ ದರೋಗಾ ಸಾಹೇಬರು! ಬಿಸಿಲು ಬಂತು, ದಬ್ಬಣಗಳು ಒಂದೊಂದೇ ಬಂದು ಚಾದರದ ಮೇಲೆ ತೇಲಿ ನಿಂತವು. "ಉಠಾವ್!" ಎಂದರು ಸಾಹೇಬರು. ಎತ್ತಿದೆವು. ಆ ಪಿತಿಪಿತಿ, ಆ ಹೊಳಪು, ನಾಲ್ವರೂ ಹುಚ್ಚರಂತೆ ನಗುತ್ತಿದ್ದೆವು. ಗಂಗವ್ವ ಅವನ್ನು ಕೆರೆಗೆ ಒಯ್ದು ಬಿಟ್ಟಳು.

ಚುಕ್ಕಿ ಮೀನು ತರುತ್ತೇನೆಂದು ಸಾಹೇಬರು ಹುಮನಾಬಾದಿಗೆ ಹೋದರು. ಆಗ ಎರಡನೇ ಮಹಾಯುದ್ಧದ ಲಡಾಯಿಯ ಕಾಲ, ಪೆಟ್ರೋಲಿಗೆ ತತ್ವಾರ, ಮೋಟಾರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ದಿನಾ ಹುಮನಾಬಾದಿನ ದಾರಿ ನೋಡುತ್ತ ನಿಲ್ಲುತ್ತಿದ್ದೆ. ಮೋಟಾರ್ ಬರಲೇ ಇಲ್ಲ. ಬಂದದ್ದು ದೌರೆಯ ದಿನ ಬೆಳಿಗ್ಗೆ, ಅದೂ ದೊಡ್ಡ ಸಾಹೇಬರ ಕಾರು. ಪಕ್ಕದ ಸೀಟಿನಲ್ಲಿ ನಮ್ಮ ದರೋಗಾ ಸಾಹೇಬರು ಖಾಲಿ ಕೈಯಲ್ಲಿ ಕೂತಿದ್ದರು. ದೊಡ್ಡ ಸಾಹೇಬರೇ ದಾರಿಯಲ್ಲಿ ಜೊತೆಗೆ ಹತ್ತಿಸಿಕೊಂಡಿದ್ದರಂತೆ, ಮೀನಿನ ಗಡಿಗೆ ಇಡಲು ಬಿಟ್ಟಿರಲಿಲ್ಲವಂತೆ. ಗಾಬರಿಗೆ ನಮ್ಮ ಸಾಹೇಬರು ಎರಡು ಪಾನ್ ಒಟ್ಟಿಗೆ ಹಾಕಿಕೊಂಡಿದ್ದರು.

ನಾನು ಬಾವಿಗೆ ಓಡಿದೆ. ಇಮಾಮಸಾಬ ಕೆಳಗಿನಿಂದ ಕೈ ಮಾಡಿ ಕರೆಯುತ್ತಿದ್ದ.

"ಚನ್ನಪ್ಪಾ, ಲಗೂನ ಬಾ! ಬಳ್ಳಿ ಹತ್ರ ನೋಡು. ಹುಲ್ಲಿನ ಎಳಿ ತಾವೇ ಓಡ್ಯಾಡಾಕತ್ತಾವ!"

ಬಗ್ಗಿ ನೋಡಿದೆ. ಬಳ್ಳಿಯ ಎಲೆಗಳ ನಡುವೆ, ನೀರಿನ ಮೇಲ್ಪದರದಲ್ಲಿ, ಉಗುರಿನಷ್ಟು ಉದ್ದದ ಎಳೆಗಳು. ಎಷ್ಟೋ! ಒಂದನ್ನು ಬೊಗಸೆಗೆ ತೆಗೆದುಕೊಂಡೆ. ಕಣ್ಣಿದೆ. ಕೆಳದವಡೆ ಮುಂದೆ ಚಾಚಿದೆ, ಮೇಲಿನದು ಇನ್ನೂ ಮೊಟಕು. ದಬ್ಬಣದ ಮರಿಗಳು! ಬಳ್ಳಿಯನ್ನು ಎತ್ತಿದರೆ, ಕಾಂಡಕ್ಕೆ ಅಲ್ಲಲ್ಲಿ ಒಡೆದ ತತ್ತಿಯ ಸಿಪ್ಪೆ, ಒಂದೊಂದಕ್ಕೂ ಕೂದಲಿನಂಥ ದಾರಗಳು, ಆ ದಾರ ಬಳ್ಳಿಗೆ ಬಿಗಿದು ಸುತ್ತಿಕೊಂಡಿದೆ. ಕೊಕ್ಕು ಮುರಿಯಬಾರದೆಂದು ನಾನು ತುಂಬಿದ ಗಾದಿ ಅವುಗಳಿಗೆ ತೊಟ್ಟಿಲಾಗಿತ್ತು. ನುಂಗುವ ದೊಡ್ಡವು ಹೊರಗೆ ಹೋದ ಮೇಲೆ ಮರಿಗಳು ಧೈರ್ಯವಾಗಿ ಹೊರಬಿದ್ದಿದ್ದವು. ಮಿಜಿಮಿಜಿ ಎನ್ನುತ್ತಿದ್ದ ಆ ಮೂಲೆಯ ನೀರಿನಲ್ಲಿ ಈಗ ಸೊಳ್ಳೆಮರಿ ಕಾಣಲಿಲ್ಲ, ಈ ಮೀನಿನ ಮರಿಗಳೇ ತಿಂದು ಹಾಕಿದ್ದವು. ನಾನು ಇಮಾಮಸಾಬನನ್ನು ತಬ್ಬಿಕೊಂಡೆ, ಮಶಕಿನ ನೀರೆಲ್ಲ ನನ್ನ ಮೇಲೆ ಸುರಿಯಿತು.

ಅಷ್ಟರಲ್ಲಿ ಮೇಲೆ ಬೂಟಿನ ಸದ್ದು. ದೊಡ್ಡ ಸಾಹೇಬರು ಇಳಿದು ಬಂದರು, ಹಿಂದೆ ದರೋಗಾ ಸಾಹೇಬರು, ಗೋಡೆಯ ಮೇಲಿಂದ ಇಣುಕುವ ಓಣಿಯ ಜನ. ಸೇದುವ ಕಡೆ ಸೌಟು ಅದ್ದಿದರು, ಏನೂ ಇಲ್ಲ. ಗೋಡೆಯ ಮಗ್ಗುಲಲ್ಲಿ ಅದ್ದಿದರು, ಏನೂ ಇಲ್ಲ. ನೇರ ಬಳ್ಳಿಯ ಮೂಲೆಗೆ ಹೋದರು. ಅನುಭವಸ್ಥರು, ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತಿತ್ತು. ಅದ್ದಿ ಎತ್ತಿ, ಬೆಳಕಿಗೆ ಹಿಡಿದರು.

ಬಿಳಿ ಸೌಟಿನಲ್ಲಿ ಒಂದು ಸೊಳ್ಳೆಮರಿ ಕುಣಿಯುತ್ತಿತ್ತು.

ದೊಡ್ಡ ಸಾಹೇಬರು ಸೌಟನ್ನು ನಮ್ಮ ಕಡೆ ತಿರುಗಿಸಿ, ಇದೇನು ಎಂಬಂತೆ ಹುಬ್ಬೇರಿಸಿದರು. ಇಮಾಮಸಾಬ ಕಣ್ಣು ಮುಚ್ಚಿಕೊಂಡ. ಆಗ ಸೌಟಿನ ಅಂಚಿನಲ್ಲಿ ಒಂದು ಹುಲ್ಲಿನ ಎಳೆ ಅಲುಗಿತು. ಮೆಲ್ಲನೆ ಪಕ್ಕಕ್ಕೆ ಸರಿಯಿತು, ನಿಂತಿತು, ತಲೆ ಅಡ್ಡ ಬೀಸಿತು. ಸೌಟಿನಲ್ಲಿ ಸೊಳ್ಳೆಮರಿ ಇಲ್ಲ!

ದೊಡ್ಡ ಸಾಹೇಬರು ಸೌಟನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ಮಗುವಿನ ಹಾಗೆ ನಕ್ಕುಬಿಟ್ಟರು. ತಲೆ ಎತ್ತದೆಯೇ ಕೇಳಿದರು: ಈ ಮೀನಿನ ಹೆಸರೇನು?

ಹೇಳಬೇಕಾದ ದರೋಗಾ ಸಾಹೇಬರ ಬಾಯಲ್ಲಿ ಎರಡು ಪಾನ್. ಅವರು ಕತ್ತು ಮೇಲೆತ್ತಿ "ಕು... ಕವ್..." ಎಂದು ತೊದಲಿ ನನ್ನ ಕಡೆ ನೋಡಿದರು. ನನಗೆ ಯಾವುದು ಕಾಗೆ, ಯಾವುದು ಬಾವಿ ಎಂಬುದೇ ಮರೆತುಹೋಗಿತ್ತು. ಉತ್ತರ ಕೊಟ್ಟವನು ಇಮಾಮಸಾಬ. ಹುಟ್ಟಿದಾಗಿನಿಂದ ಬಾವ್ಡಿ ಎಂದೇ ಅಂದವನು, ಆ ಶಬ್ದವನ್ನು ಜನ್ಮದಲ್ಲಿ ಮೊದಲ ಸಲ, ಒಂದಕ್ಷರ ತಪ್ಪದೆ, ನೆಟ್ಟಗೆ ನಿಂತು ಹೇಳಿದ.

"ಕುವೇ ಕೀ ಮಛಲಿ, ಸರ್ಕಾರ್. ಇಸೀ ಕುವೇ ಮೇಂ ಪೈದಾ ಹುಯೀ."

ಬಾವಿಯ ಮೀನು, ಈ ಬಾವಿಯಲ್ಲೇ ಹುಟ್ಟಿದ್ದು. ಅದರಲ್ಲಿ ಸುಳ್ಳೇನಿತ್ತು?

ಮರಿಗಳ ಕೊಕ್ಕು ಬಲಿಯುವ ಮೊದಲೇ ಅವನ್ನು ಕೆರೆಗೆ ಬಿಟ್ಟು, ಹುಮನಾಬಾದಿನ ಚುಕ್ಕಿ ಮೀನು ತಂದು ಹಾಕಿದೆವು. ಅದು ಆಮೇಲಿನ ಮಾತು. ಅವತ್ತು ದೊಡ್ಡ ಸಾಹೇಬರು "ಬಾವಿ ಇರಲಿ" ಎಂದು ಮೆಟ್ಟಿಲು ಹತ್ತಿ ಹೋದ ಮೇಲೆ ಕೆಳಗೆ ನಾವು ಮೂವರೇ ಉಳಿದೆವು. ಇಮಾಮಸಾಬ ಮಶಕು ತುಂಬಿದ. ದಾರ ಕಟ್ಟುವಾಗ ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೊದಲ ಧಾರೆಯನ್ನು ದರೋಗಾ ಸಾಹೇಬರ ಬೊಗಸೆಗೆ ಬಿಟ್ಟ.

"ಬಾಯಿ ಮುಕ್ಕಳಿಸ್ರಿ ಸಾಬ್," ಎಂದ. "ಮುಂದಿನ ಹುಕುಂ ಆಮ್ಯಾಲ ಕೊಡ್ರಿ."